ವಿಜಯೆಯ ವಿವಾದ: ವೈದ್ಯಕೀಯ ಗಾಂಜಾ ಕುರಿತೊಂದು ಸಮೀಕ್ಷೆ

ಒಂದೇ ಗಿಡದ ಬೀಜವನ್ನು ಆಹಾರವೆಂದೂ, ಅದರ ಎಲೆಯನ್ನು ಪಂಡಿತರ ಚೂರ್ಣಕ್ಕೆ ಸಲ್ಲುವ ದ್ರವ್ಯವೆಂದೂ, ಹೂವಿನ ತೆನೆಯನ್ನು ಮಾತ್ರ ವರ್ಷಾನುಗಟ್ಟಲೆ ಕಠಿಣ ಕಾರಾಗೃಹವಾಸಕ್ಕೆ ಕಾರಣವಾಗುವ ಅಪರಾಧವಸ್ತುವೆಂದೂ ಎಣಿಸುವ ಕಾಯದೆಗಳು ಯಾವ ದೇಶದಲ್ಲಿ ಏಕಕಾಲಕ್ಕೆ ಜಾರಿಯಲ್ಲಿರುವುವೋ, ಆ ದೇಶದಲ್ಲಿ ಈ ಗಿಡವನ್ನು ಔಷಧವಾಗಿ ನ್ಯಾಯಸಮ್ಮತಗೊಳಿಸಬೇಕೆ ಬೇಡವೆ ಎಂಬ ಪ್ರಶ್ನೆ ಮೇಲುನೋಟಕ್ಕೆ ತೋರುವಷ್ಟು ಸರಳವಾಗಿರಲಾರದು. ಪರವಾಗಿ ವಾದಿಸುವವರು ಕಾಯದೆ ಬಾಗಿಲು ಮುಚ್ಚಿದೆಯೆನ್ನುತ್ತಾರೆ. ವಿರೋಧಿಸುವವರು ಆ ಬಾಗಿಲನ್ನು ತೆರೆಯಕೂಡದೆನ್ನುತ್ತಾರೆ. ಬಾಗಿಲು ನಿಜವಾಗಿ ಮುಚ್ಚಿದೆಯೇ ಎಂದು ನೋಡುವ ಗೋಜಿಗೆ ಇಬ್ಬರೂ ಹೋದಂತಿಲ್ಲ.

ಕೊಪ್ಪಳ ಸೀಮೆಯ ಇರಕಲ್ಲಗಡದಂಥ ಊರಿನಲ್ಲಿ ಕುಳಿತು ಈ ವಿಷಯವನ್ನು ಪರಿಶೀಲಿಸುವವನಿಗೆ ಒಂದು ಅನುಕೂಲವುಂಟು. ರಾಜಧಾನಿಗಳ ಚರ್ಚೆಯಲ್ಲಿ ಗಾಂಜಾ ಒಮ್ಮೆ ಪ್ರಯೋಗಶಾಲೆಯ ಅಣುವಾಗಿಯೂ ಇನ್ನೊಮ್ಮೆ ಚಿತ್ರನಟರ ಬಂಧನದ ಸುದ್ದಿಯಾಗಿಯೂ ಕಾಣಿಸಿಕೊಳ್ಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಜನರಿಗಾದರೋ ಅದು ಜಾತ್ರೆಗೆ ಬಂದ ಸಾಧುವಿನ ಚಿಲುಮಿಯಿಂದ ಪರಿಚಿತ. ನಾಟಿ ಪಂಡಿತರ ಲೇಹ್ಯದಿಂದ ಪರಿಚಿತ. ತೊಗರಿ ಹತ್ತಿಗಳ ಸಾಲಿನ ನಡುವಿನಿಂದ ಬೇರುಸಹಿತ ಕಿತ್ತು ತಂದ ಗಿಡಗಳ ಪಕ್ಕದಲ್ಲಿ ರೈತನೊಬ್ಬ ತಲೆ ತಗ್ಗಿಸಿ ನಿಂತಿರುವ ವೃತ್ತಪತ್ರಿಕೆಯ ಚಿತ್ರದಿಂದಲೂ ಪರಿಚಿತ. ಈ ಮುಖಗಳೆಲ್ಲ ಒಂದೇ ವಸ್ತುವಿನವು ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಈ ವಾದದ ಚರಿತ್ರೆಯನ್ನೂ ಪಕ್ಷಪ್ರತಿಪಕ್ಷಗಳನ್ನೂ ಕ್ರಮವಾಗಿ ನೋಡುವುದು ಈ ಲೇಖನದ ಉದ್ದೇಶ.

ಪಂಡಿತರ ವಿಜಯೆ, ಅಬಕಾರಿಯ ಗಾಂಜಾ

ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಸೋಮವನ್ನು ಮುಂದಿಟ್ಟುಕೊಂಡು ಹೆಸರಿಸಿದ ಐದು ಸಸ್ಯಗಳಲ್ಲಿ ಭಂಗವೂ ಒಂದು. ಆ ಭಂಗ ಇಂದಿನ ಭಂಗಿಯೇ ಹೌದೋ ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ವೈದ್ಯಗ್ರಂಥಗಳಲ್ಲಿ ಅದರ ಸ್ಥಾನ ಸ್ಪಷ್ಟವಾಗುವುದು ಮಧ್ಯಯುಗದಲ್ಲಿ. ಶಾರ್ಙ್ಗಧರಸಂಹಿತೆ, ಜೀರ್ಣವಾಗುವುದಕ್ಕೆ ಮೊದಲೇ ಶರೀರವನ್ನೆಲ್ಲ ವ್ಯಾಪಿಸಿಬಿಡುವ ದ್ರವ್ಯಗಳಿಗೆ ವ್ಯವಾಯಿ ಎಂಬ ಸಂಜ್ಞೆಯನ್ನಿತ್ತು, ಭಂಗವನ್ನೂ ಅಫೀಮನ್ನೂ ಅದಕ್ಕೆ ಉದಾಹರಣೆಯಾಗಿ ಕೊಡುತ್ತದೆ. ಗ್ರಹಣಿರೋಗಕ್ಕೆ ಕೊಡುವ ಜಾತೀಫಲಾದಿ ಚೂರ್ಣದಲ್ಲಿಯೂ, ನಿದ್ರೆಗೂ ನೋವಿಗೂ ಕೊಡುವ ಇತರ ಯೋಗಗಳಲ್ಲಿಯೂ ವಿಜಯೆ ಎಂಬ ಹೆಸರಿನಿಂದ ಅದು ಸೇರಿತು. ಮಾತ್ರೆಯ ಅಳತೆ, ಹಾಲಿನಲ್ಲಿ ಬೇಯಿಸಿ ಶುದ್ಧಿಗೊಳಿಸುವ ವಿಧಿ, ಯಾರಿಗೆ ಕೊಡಬಾರದೆಂಬ ಎಚ್ಚರಿಕೆ ಇವೆಲ್ಲ ಔಷಧದೊಡನೆಯೇ ಬಂದವು. ಅಂದರೆ, ಮತ್ತಿಗೂ ಮದ್ದಿಗೂ ನಡುವೆ ಗೆರೆಯೆಳೆಯುವ ಯತ್ನ ಆಧುನಿಕರ ಆವಿಷ್ಕಾರವಲ್ಲ.

ಪಾಶ್ಚಾತ್ಯ ವೈದ್ಯಕ್ಕೆ ಇದನ್ನು ಪರಿಚಯಿಸಿದವನು ಕಲಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದ ವಿಲಿಯಂ ಬ್ರೂಕ್ ಓಷಾನೆಸಿ. ಪ್ರಾಣಿಗಳ ಮೇಲೂ ಆಮೇಲೆ ರೋಗಿಗಳ ಮೇಲೂ ಪ್ರಯೋಗ ನಡೆಸಿ 1839ರಲ್ಲಿ ಆತ ಪ್ರಕಟಿಸಿದ ಪ್ರಬಂಧದಲ್ಲಿ ಸಂಧಿವಾತ, ಧನುರ್ವಾಯು, ಕಾಲರಾ, ಹುಚ್ಚುನಾಯಿ ಕಡಿತ, ಶಿಶುಗಳ ಸೆಳೆತ ಇವುಗಳಲ್ಲಿ ಗಾಂಜಾ ಸಾರವನ್ನು ಕೊಟ್ಟ ವೃತ್ತಾಂತವಿದೆ. ಹುಚ್ಚುನಾಯಿ ಕಡಿದವನು ಬದುಕಲಿಲ್ಲ; ಆದರೆ ಅವನ ಕಡೆಯ ಗಳಿಗೆಗಳ ಯಾತನೆ ತಗ್ಗಿತೆಂದು ಆತ ಗಮನಿಸಿದ್ದು, ಈ ಔಷಧದಿಂದ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂಬುದನ್ನು ಆಗಲೇ ಸೂಚಿಸಿತ್ತು. ಮುಂದೆ ಸುಮಾರು ನೂರು ವರ್ಷ ಈ ಸಾರ ಇಂಗ್ಲೆಂಡ್, ಅಮೆರಿಕಗಳ ಔಷಧಕೋಶಗಳಲ್ಲಿದ್ದು ಆಮೇಲೆ ಕಣ್ಮರೆಯಾಯಿತು. ಕಣ್ಮರೆಯಾದದ್ದು ಕೇವಲ ಕಾಯದೆಯ ಭಯದಿಂದಲ್ಲ. ಇದರ ರಾಳ ನೀರಿನಲ್ಲಿ ಕರಗದು, ಆದುದರಿಂದ ಸೂಜಿಮದ್ದಾಗದು. ಒಂದು ಸೀಸೆಯಲ್ಲಿದ್ದ ಸತ್ವ ಇನ್ನೊಂದರಲ್ಲಿರದು. ಯಾವ ಅಂಶದಿಂದ ಗುಣವೆಂಬುದನ್ನು ರಸಾಯನಶಾಸ್ತ್ರ ಆಗ ಬೇರ್ಪಡಿಸಿರಲಿಲ್ಲ. ಮಾರ್ಫಿನ್ನಿನ ಸೂಜಿಯೂ ಹೊಸ ನಿದ್ರಾಮಾತ್ರೆಗಳೂ ಕೈಗೆ ಬಂದ ಮೇಲೆ ವೈದ್ಯರೇ ಇದನ್ನು ಬಿಟ್ಟರು.

ಇತ್ತ ಸರಕಾರಗಳಿಗೆ ಗಾಂಜಾ ಒಂದು ಆದಾಯವಸ್ತು. ನಮ್ಮ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಿಗೆ ಸೇರಿದ್ದುವಷ್ಟೆ. ಸೇಂದಿ, ಸಾರಾಯಿಗಳೊಡನೆ ಗಾಂಜಾವೂ ಅಬಕಾರಿಯ ಲೆಕ್ಕದಲ್ಲಿ ಸೇರಿದ್ದ ಕಾಲ ಅದು. ಅದನ್ನು ಪಾಪವೆಂದು ನಿಷೇಧಿಸಿದವರಿಲ್ಲ, ಮದ್ದೆಂದು ಪೋಷಿಸಿದವರೂ ಇಲ್ಲ; ಸುಂಕ ವಸೂಲಾದರಾಯಿತು. ಈ ಅಬಕಾರಿಯ ಬುದ್ಧಿ ಇಂದಿಗೂ ನಮ್ಮ ಆಡಳಿತವನ್ನು ಪೂರ್ಣವಾಗಿ ಬಿಟ್ಟುಹೋಗಿಲ್ಲವೆಂಬುದನ್ನು ಮುಂದೆ ನೋಡಲಿದ್ದೇವೆ.

1893ರ ಆಯೋಗ

ಈ ವಿವಾದದ ಚರಿತ್ರೆಯಲ್ಲಿ ಅತ್ಯಂತ ಪರಿಶ್ರಮದ, ಆದರೆ ಅತ್ಯಂತ ಕಡಿಮೆ ಓದಲ್ಪಟ್ಟ ದಾಖಲೆಯೆಂದರೆ ಭಾರತೀಯ ಗಾಂಜಾ ಆಯೋಗದ ವರದಿ. ಹಿಂದೂಸ್ಥಾನದ ಹುಚ್ಚಾಸ್ಪತ್ರೆಗಳು ಗಾಂಜಾ ಸೇದಿ ಬುದ್ಧಿಗೆಟ್ಟವರಿಂದ ತುಂಬಿಹೋಗಿವೆಯೆಂಬ ಆಕ್ಷೇಪ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದಾಗ, 1893ರಲ್ಲಿ ಮ್ಯಾಕ್‌ವರ್ಥ್ ಯಂಗ್ ಅವರ ಅಧ್ಯಕ್ಷತೆಯಲ್ಲಿ, ಮೂವರು ಭಾರತೀಯರೂ ಸೇರಿದಂತೆ ಏಳು ಮಂದಿ ಸದಸ್ಯರ ಆಯೋಗ ನೇಮಕಗೊಂಡಿತು. 1193 ಸಾಕ್ಷಿಗಳ ಹೇಳಿಕೆ ಪಡೆದು ಮರುವರ್ಷ ಏಳು ಸಂಪುಟಗಳ ವರದಿಯನ್ನೊಪ್ಪಿಸಿತು.

ಆಯೋಗದ ಶ್ಲಾಘ್ಯವಾದ ಕೆಲಸ ಹುಚ್ಚಾಸ್ಪತ್ರೆಗಳ ದಫ್ತರಗಳನ್ನು ಕೆದಕಿದ್ದು. ರೋಗಿಯನ್ನು ಹಿಡಿದುತಂದ ಪೊಲೀಸನಿಗೆ ಕಾರಣದ ಅಂಕಣವನ್ನು ತುಂಬಿಸಬೇಕಾಗಿತ್ತು. ಕಾರಣ ಗೊತ್ತಿಲ್ಲದಿದ್ದಾಗ ಗಾಂಜಾ ಎಂದು ಬರೆಯುವುದು ಸುಲಭವಾಗಿತ್ತು. ಹಾಗೆ ಬರೆದುದೇ ವರ್ಷಾಂತ್ಯದ ಅಂಕಿ ಅಂಶವಾಗಿ, ಆ ಅಂಕಿ ಅಂಶವೇ ವೈದ್ಯಶಾಸ್ತ್ರದ ಸತ್ಯವಾಗಿ ಪಾರ್ಲಿಮೆಂಟಿನವರೆಗೆ ಪಯಣಿಸಿತ್ತು. ಒಂದೊಂದು ಪ್ರಕರಣವನ್ನೂ ಮರುಪರೀಕ್ಷಿಸಿದ ಆಯೋಗ, ಮಿತವಾದ ಸೇವನೆಯಿಂದ ಗಣನೀಯ ಹಾನಿಯಿಲ್ಲವೆಂದೂ, ಅತಿಸೇವನೆ ಹಾನಿಕರವೆಂದೂ, ಅತಿಯಾಗಿ ಸೇವಿಸುವವರು ಅಲ್ಪಸಂಖ್ಯಾತರೆಂದೂ ನಿರ್ಣಯಿಸಿ, ಪೂರ್ಣನಿಷೇಧವನ್ನು ತಿರಸ್ಕರಿಸಿ, ಲೈಸೆನ್ಸು, ಸುಂಕ, ಬೆಳೆಯುವ ಪ್ರದೇಶದ ನಿರ್ಬಂಧ ಇವುಗಳನ್ನು ಶಿಫಾರಸು ಮಾಡಿತು.

ಇಂದು ಕಾನೂನುಬದ್ಧತೆಯ ಪಕ್ಷದವರು ಈ ವರದಿಯನ್ನು ಧ್ವಜದಂತೆ ಎತ್ತಿಹಿಡಿಯುತ್ತಾರೆ. ಎತ್ತಿಹಿಡಿಯಲಿ, ಆದರೆ ಅದನ್ನು ನೇಮಿಸಿದ ಸರಕಾರಕ್ಕೆ ಗಾಂಜಾ ಸುಂಕದ ಆದಾಯವಿತ್ತೆಂಬುದನ್ನೂ, ಅಂದಿನ ಗಿಡದ ಸತ್ವವೂ ಸೇವಿಸುವ ಕ್ರಮವೂ ಇಂದಿನವಲ್ಲವೆಂಬುದನ್ನೂ ಅವರು ಮರೆಯಬಾರದು.

ಜಿನೀವಾದಿಂದ 1985ರವರೆಗೆ

1925ರ ಜಿನೀವಾ ಅಫೀಮು ಸಮ್ಮೇಳನದಲ್ಲಿ ಈಜಿಪ್ಟ್ ದೇಶದ ಒತ್ತಾಯದಿಂದ ಗಾಂಜಾ ಮೊದಲ ಬಾರಿ ಅಂತರರಾಷ್ಟ್ರೀಯ ನಿಯಂತ್ರಣಕ್ಕೆ ಒಳಗಾಯಿತು. 1961ರ ಏಕಮಾತ್ರ ಒಡಂಬಡಿಕೆ ಅದನ್ನು ಅತಿಕಠಿಣವಾದ ನಾಲ್ಕನೆಯ ಪಟ್ಟಿಯಲ್ಲಿ ಹೆರಾಯಿನ್ನಿನ ಪಕ್ಕದಲ್ಲಿ ಕೂರಿಸಿತು. ಭಾರತದಂಥ ದೇಶಗಳ ಸಂಪ್ರದಾಯವನ್ನು ಗಮನಿಸಿ ಎರಡು ರಿಯಾಯಿತಿಗಳನ್ನು ಅದರಲ್ಲಿ ಉಳಿಸಲಾಯಿತು: ತೆನೆಯಿಂದ ಬೇರ್ಪಟ್ಟ ಎಲೆ ಮತ್ತು ಬೀಜಗಳು ವ್ಯಾಖ್ಯೆಯಿಂದ ಹೊರಗೆ, ಔಷಧೇತರ ರೂಢಿಗಳನ್ನು ನಿಲ್ಲಿಸಲು 25 ವರ್ಷಗಳ ಅವಧಿ.

ಆ ಅವಧಿ ಮುಗಿಯುತ್ತ ಬಂದಾಗ ನಮ್ಮ ಪಾರ್ಲಿಮೆಂಟು ಮಾದಕದ್ರವ್ಯ ಮತ್ತು ಮನಃಪ್ರಭಾವಿ ವಸ್ತುಗಳ ಕಾಯದೆಯನ್ನು, ವಾಡಿಕೆಯಲ್ಲಿ ಎನ್‌ಡಿಪಿಎಸ್ ಎನ್ನಿಸಿಕೊಳ್ಳುವುದನ್ನು, 1985ರ ಕೆಲವೇ ವಾರಗಳಲ್ಲಿ ಅಂಗೀಕರಿಸಿತು. ಆ ವರ್ಷದ ನವೆಂಬರ್ 14ರಿಂದ ಅದು ಜಾರಿಗೆ ಬಂತು. ಇಂದು ನಡೆಯುವ ಚರ್ಚೆಯ ಬಹುಭಾಗ ಈ ಕಾಯದೆಯನ್ನು ಓದದೆಯೇ ನಡೆಯುತ್ತಿರುವುದರಿಂದ ಅದರ ಕೆಲವು ಕಲಮುಗಳನ್ನು ಇಲ್ಲಿ ವಿವರಿಸುವುದು ಅವಶ್ಯ. ಗಾಂಜಾ ಎಂದರೆ ಹೂ ಅಥವಾ ಕಾಯಿ ಬಿಟ್ಟ ತೆನೆ ಮಾತ್ರ. ಎಂಟನೆಯ ಕಲಮು ಬೆಳೆಯುವುದು, ಮಾರುವುದು, ಸಾಗಿಸುವುದು, ಸೇವಿಸುವುದು ಎಲ್ಲವನ್ನೂ ನಿಷೇಧಿಸುತ್ತಲೇ, ವೈದ್ಯಕೀಯ ಮತ್ತು ವೈಜ್ಞಾನಿಕ ಉದ್ದೇಶಗಳನ್ನು ನಿಷೇಧದಿಂದ ಹೊರಗಿಡುತ್ತದೆ. ಹತ್ತನೆಯ ಕಲಮು, ಚರಸ್ ಒಂದನ್ನು ಬಿಟ್ಟು, ಈ ಗಿಡದ ಕೃಷಿಗೂ ಉತ್ಪಾದನೆಗೂ ಮಾರಾಟಕ್ಕೂ ಅನುಮತಿ ಕೊಡುವ ಅಧಿಕಾರವನ್ನು ರಾಜ್ಯ ಸರಕಾರಕ್ಕೆ ಒಪ್ಪಿಸುತ್ತದೆ. ಹದಿನಾಲ್ಕನೆಯದು ನಾರು, ಬೀಜಗಳಿಗಾಗಿ ಬೆಳೆಯಲು ಸರಕಾರ ಅವಕಾಶ ಕೊಡಬಹುದೆನ್ನುತ್ತದೆ.

ಆದ್ದರಿಂದ, ಭಾರತದಲ್ಲಿ ಗಾಂಜಾದ ವೈದ್ಯಕೀಯ ಉಪಯೋಗ ಅಪರಾಧವೆಂಬ ಮಾತು ಅಕ್ಷರಶಃ ನಿಜವಲ್ಲ. ಅನುಮತಿಯ ಅಧಿಕಾರ ನಾಲ್ಕು ದಶಕಗಳಿಂದ ಪುಸ್ತಕದಲ್ಲಿಯೇ ಇದೆ. ಇರುವುದು ಶಿಕ್ಷೆಯ ಕಲಮಿನ ಭಾರ: ಅನುಮತಿಯಿಲ್ಲದೆ ಗಿಡ ಬೆಳೆದವನಿಗೆ 10 ವರ್ಷಗಳವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ, 20 ಕಿಲೋಗ್ರಾಂ ಮೀರಿದ ಗಾಂಜಾ ವಾಣಿಜ್ಯ ಪ್ರಮಾಣವೆನಿಸಿ, ಕನಿಷ್ಠ 10 ವರ್ಷಗಳ ಶಿಕ್ಷೆಯೂ ಜಾಮೀನಿನ ದುರ್ಲಭತೆಯೂ ಒದಗುತ್ತವೆ. ಬೇರು, ಕಾಂಡ, ಎಲೆ, ಮಣ್ಣು ಎಲ್ಲವನ್ನೂ ಸೇರಿಸಿ ತಕ್ಕಡಿಗೆ ಹಾಕಿದ ತೂಕ ಗಾಂಜಾದ ತೂಕವೇ ಎಂಬ ತರ್ಕ ನ್ಯಾಯಾಲಯಗಳಲ್ಲಿ ಮತ್ತೆ ಮತ್ತೆ ಎದ್ದಿರುವುದು ಈ ಕಾರಣದಿಂದಲೇ.

ಎಲೆಯ ಸ್ಥಾನವನ್ನು ಕುರಿತು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯದ ಮಾತೊಂದಿದೆ. ಬೆಂಗಳೂರಿನಲ್ಲಿ 29 ಕಿಲೋಗ್ರಾಂ ಭಂಗಿಯೊಡನೆ ಸಿಕ್ಕಿಬಿದ್ದ ಒಬ್ಬನ ಜಾಮೀನು ಅರ್ಜಿಯ ಮೇಲೆ 2022ರಲ್ಲಿ ನ್ಯಾಯಮೂರ್ತಿ ಕೆ. ನಟರಾಜನ್ ಅವರು, ಎಲೆಯಿಂದ ತಯಾರಾದ ಭಂಗಿಯನ್ನು ಗಾಂಜಾ ಅಥವಾ ಚರಸ್ ಎಂದು ಭಾವಿಸಲು ಕಾಯದೆಯಲ್ಲಿ ಆಧಾರವಿಲ್ಲವೆಂದು ಅಭಿಪ್ರಾಯಪಟ್ಟರು. ಅದು ಜಾಮೀನಿನ ಹಂತದ ಮಾತು, ಅಂತಿಮ ತೀರ್ಪಲ್ಲ.

ಆಧುನಿಕ ವೈದ್ಯದ ಪಕ್ಷ

1960ರ ದಶಕದ ಆದಿಯಲ್ಲಿ ಇಸ್ರೇಲಿನ ರಫಾಯೆಲ್ ಮೆಕೂಲಮ್ ಮತ್ತು ಅವರ ಸಹೋದ್ಯೋಗಿಗಳು ಈ ಗಿಡದ ಎರಡು ಮುಖ್ಯ ಅಂಶಗಳನ್ನು ಬೇರ್ಪಡಿಸಿ ಅವುಗಳ ರಚನೆಯನ್ನು ನಿರ್ಧರಿಸಿದರು. ಮತ್ತು ಬರಿಸುವುದು ಟಿಎಚ್‌ಸಿ. ಮತ್ತು ಬರಿಸದೆ ಬೇರೆ ಪರಿಣಾಮವನ್ನುಂಟುಮಾಡುವುದು ಸಿಬಿಡಿ. ಮೂರು ದಶಕಗಳ ಬಳಿಕ, ಮನುಷ್ಯನ ಮೆದುಳಿನಲ್ಲಿ ಈ ಅಂಶಗಳನ್ನು ಗ್ರಹಿಸುವ ಸ್ಥಾನಗಳಿವೆಯೆಂಬುದೂ, ಅದೇ ಸ್ಥಾನಗಳಲ್ಲಿ ವರ್ತಿಸುವ ದ್ರವ್ಯವನ್ನು ಶರೀರವೇ ಸ್ರವಿಸುತ್ತದೆಯೆಂಬುದೂ ಗೊತ್ತಾಯಿತು. ಓಷಾನೆಸಿಯ ಕಾಲದ ಗುಣದ ಮೂಲವಾವುದೆಂಬ ಪ್ರಶ್ನೆಗೆ ಅಲ್ಲಿಗೆ ಉತ್ತರ ದೊರೆತಂತಾಯಿತು.

ಈ ಪಕ್ಷದವರ ಬಲವಾದ ಪ್ರಮಾಣ ಮಕ್ಕಳ ಅಪಸ್ಮಾರಕ್ಕೆ ಸಂಬಂಧಿಸಿದ್ದು. ಯಾವ ಔಷಧಕ್ಕೂ ಬಗ್ಗದ ಡ್ರಾವೆ ಎಂಬ ವಿರಳ ವ್ಯಾಧಿಯಿರುವ 120 ಮಕ್ಕಳು ಮತ್ತು ಯುವಕರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಿಬಿಡಿ ಕೊಟ್ಟವರಿಗೆ ತಿಂಗಳಿಗೆ ಬರುತ್ತಿದ್ದ ಸೆಳೆತಗಳ ಮಧ್ಯಮಸಂಖ್ಯೆ 12.4ರಿಂದ 5.9ಕ್ಕೆ ಇಳಿದರೆ, ಬರಿಯ ತೋರಿಕೆಯ ಔಷಧ ಕೊಟ್ಟವರಲ್ಲಿ 14.9 ಇದ್ದದ್ದು 14.1 ಆಯಿತು. ಮರುವರ್ಷ ಅಮೆರಿಕದ ಔಷಧ ಪ್ರಾಧಿಕಾರ ಎಪಿಡಿಯೊಲೆಕ್ಸ್ ಎಂಬ ಹೆಸರಿನ ದ್ರಾವಣವನ್ನು ಅಂಗೀಕರಿಸಿತು. ಬ್ರಿಟನ್ನಿನಲ್ಲಿ 2010ರಿಂದ ಸ್ನಾಯುಗಳ ಬಿಗಿತಕ್ಕೆ ಈ ಗಿಡದ ಸಾರದ ಸಿಂಪಡಿಕೆ ದೊರೆಯುತ್ತಿದೆ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2017ರಲ್ಲಿ ಸಮಗ್ರ ಸಾಹಿತ್ಯವನ್ನು ಪರಿಶೀಲಿಸಿ, ವಯಸ್ಕರ ದೀರ್ಘಕಾಲದ ನೋವು, ಕ್ಯಾನ್ಸರ್ ಚಿಕಿತ್ಸೆಯಿಂದುಂಟಾಗುವ ವಾಂತಿ, ಸ್ನಾಯುಗಳ ಬಿಗಿತ ಇವುಗಳಲ್ಲಿ ಪ್ರಯೋಜನಕ್ಕೆ ಗಣನೀಯ ಪ್ರಮಾಣವಿದೆಯೆಂದವು. ಆದರೆ ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಅದೇ ನೋವಿನ ವಿಷಯದಲ್ಲಿ ಪ್ರಮಾಣ ಸಾಲದೆಂದು ಅನುಮೋದನೆಯನ್ನು ತಡೆಹಿಡಿಯಿತು. ನಾಲ್ಕು ವರ್ಷಗಳ ಅಂತರದಲ್ಲಿ ಇಬ್ಬರು ಪಂಡಿತರು ಹೆಚ್ಚುಕಡಿಮೆ ಒಂದೇ ರಾಶಿಯನ್ನು ತೂಗಿ ಬೇರೆ ತೂಕ ಹೇಳಿದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಪ್ರಮಾಣ ಗಟ್ಟಿಯಾಗಿರುವಲ್ಲೆಲ್ಲ ಔಷಧ ಶುದ್ಧೀಕರಿಸಿದ ಒಂದೆರಡು ಅಂಶಗಳದು, ಸೇದುವ ತೆನೆಯದಲ್ಲ. ಹೀಗಿರುವಾಗ ಎಪಿಡಿಯೊಲೆಕ್ಸಿನ ಯಶಸ್ಸನ್ನು ತೋರಿಸಿ ಚಿಲುಮಿಗೆ ಅನುಮತಿ ಕೇಳುವುದು ತರ್ಕವಲ್ಲ. ಚಿಲುಮಿಯ ದುಷ್ಪರಿಣಾಮವನ್ನು ತೋರಿಸಿ ಆ ಮಕ್ಕಳ ದ್ರಾವಣವನ್ನು ನಿರಾಕರಿಸುವುದೂ ತರ್ಕವಲ್ಲ.

ಆಯುರ್ವೇದದ ಮಾರ್ಗ

ಆಧುನಿಕ ವೈದ್ಯರು ಪ್ರಮಾಣಕ್ಕಾಗಿ ಕಾದಿರುವಷ್ಟರಲ್ಲಿ, ಭಾರತದಲ್ಲಿ ವಿಜಯೆ ಬೇರೊಂದು ದಾರಿಯಿಂದ ಅಂಗಡಿಗೆ ಬಂದಿದೆ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯದೆ, ಪ್ರಾಚೀನ ಗ್ರಂಥಗಳಲ್ಲಿ ಹೇಳಿದ ಯೋಗಗಳಿಗೆ ಹೊಸ ಪರೀಕ್ಷೆಯ ಬಂಧನವಿಲ್ಲದೆ ಪರವಾನಗಿ ಕೊಡುತ್ತದೆ. ಭಂಗಿ ಅದರ ವಿಷದ್ರವ್ಯಗಳ ಪಟ್ಟಿಯಲ್ಲಿರುವುದರಿಂದ, ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಸೀಸೆಯ ಮೇಲೆ ಇದ್ದರಾಯಿತು. ಎಲೆ ಮಾದಕದ್ರವ್ಯದ ವ್ಯಾಖ್ಯೆಯಿಂದ ಹೊರಗಿದೆ, ಯೋಗ ಗ್ರಂಥದಲ್ಲಿದೆ. ಹೀಗೆ ಎರಡು ಕಾಯದೆಗಳ ನಡುವಿನ ಓಣಿಯಲ್ಲಿ ಒಂದು ವ್ಯಾಪಾರ ಬೆಳೆಯಿತು. 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇಂಥ ಔಷಧಗಳಿಗಾಗಿಯೇ ಒಂದು ಚಿಕಿತ್ಸಾಲಯ ತೆರೆದುದು ಸುದ್ದಿಯಾಯಿತು. ಇಂದು ದೂರವಾಣಿಯಲ್ಲಿ ವೈದ್ಯರೊಡನೆ ಮಾತನಾಡಿ ಅಂಚೆಯಲ್ಲಿ ತೈಲವನ್ನು ತರಿಸಿಕೊಳ್ಳಬಹುದಾಗಿದೆ.

ಈ ಪಕ್ಷದ ವಾದ ಹೀಗೆ: ಶತಮಾನಗಳ ಅನುಭವವೂ ಒಂದು ಪ್ರಮಾಣ, ಅಂಶವನ್ನು ಬೇರ್ಪಡಿಸಿ ಪೇಟೆಂಟು ಪಡೆದ ವಿದೇಶೀ ಸೀಸೆ ಬಡವನಿಗೆ ಎಟುಕದು, ಎಲೆ ಎಟುಕುತ್ತದೆ. ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಶಾರ್ಙ್ಗಧರನ ಕಾಲದ ಚೂರ್ಣದ ಹೆಸರಿನಲ್ಲಿ ಈ ಶತಮಾನದ ಸಾಂದ್ರೀಕೃತ ತೈಲವನ್ನು ಮಾರುವಾಗ, ಗ್ರಂಥದ ಅನುಭವ ಆ ತೈಲಕ್ಕೂ ಅನ್ವಯಿಸುತ್ತದೆಯೆ? ಒಂದು ಹನಿಯಲ್ಲಿ ಎಷ್ಟು ಟಿಎಚ್‌ಸಿ ಎಂಬುದನ್ನು ಅಳೆದು ಹೇಳುವ ಹೊಣೆ ಯಾರದು? ನಿದ್ರೆಗೆಂದು ಕೊಂಡವನು ಅದನ್ನೇ ಹೆಚ್ಚಾಗಿ ಕುಡಿದರೆ ತಡೆಯುವವರಾರು? ಪ್ರಾಚೀನರು ಔಷಧದೊಡನೆ ಕೊಟ್ಟ ನಿಷೇಧಗಳು ಮಾತ್ರ ಹೊಸ ಜಾಹೀರಾತಿನಲ್ಲಿ ಕಾಣಿಸುವುದಿಲ್ಲ.

ನಿರ್ಬಂಧವಾದಿಗಳು

ನಿರ್ಬಂಧ ಸಡಿಲಿಸಕೂಡದೆನ್ನುವವರನ್ನು ಹಿಂದುಳಿದವರೆಂದು ಹಾಸ್ಯಮಾಡುವುದು ಇತ್ತೀಚಿನ ರೂಢಿ. ಅವರಲ್ಲಿ ಬಹುಮಂದಿ ಮನೋವೈದ್ಯರು, ವಾರ್ಡುಗಳಲ್ಲಿ ಇದರ ಹಾನಿಯನ್ನು ಕಣ್ಣಾರೆ ಕಂಡವರು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45,570 ತರುಣರನ್ನು ಹದಿನೈದು ವರ್ಷ ಹಿಂಬಾಲಿಸಿದ ಅಧ್ಯಯನ, ಐವತ್ತಕ್ಕಿಂತ ಹೆಚ್ಚು ಬಾರಿ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾದ ಸಂಭವ ಸೇದದವರಿಗಿಂತ ಆರು ಪಟ್ಟು ಎಂದು 1987ರಲ್ಲಿ ತೋರಿಸಿತು. ಗಾಂಜಾವೇ ಕಾರಣವೋ, ರೋಗಕ್ಕೆ ಈಡಾಗಲಿದ್ದವರೇ ಗಾಂಜಾಕ್ಕೂ ಈಡಾದರೋ ಎಂಬ ವಾಗ್ವಾದ ಇನ್ನೂ ನಿಂತಿಲ್ಲ. ಸತ್ವ ಹೆಚ್ಚಿದಷ್ಟೂ, ಆರಂಭದ ವಯಸ್ಸು ಇಳಿದಷ್ಟೂ ಅಪಾಯ ಏರುತ್ತದೆಂಬುದರಲ್ಲಿ ಮಾತ್ರ ಸಾಮಾನ್ಯ ಸಮ್ಮತಿಯಿದೆ. ದೆಹಲಿಯ ಏಮ್ಸ್ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ, ಭಾರತದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇಕಡ 2.8ರಷ್ಟು, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಈ ಗಿಡದ ಯಾವುದಾದರೂ ರೂಪವನ್ನು ಸೇವಿಸಿದ್ದರೆಂದೂ, ಸುಮಾರು 72 ಲಕ್ಷ ಮಂದಿಗೆ ಅದರಿಂದ ಬಿಡಿಸಿಕೊಳ್ಳಲು ನೆರವು ಬೇಕೆಂದೂ ಲೆಕ್ಕಹಾಕಿತು.

ನಿರ್ಬಂಧವಾದಿಗಳ ಇನ್ನೊಂದು ಪ್ರಬಲ ಸಾಕ್ಷಿ ಥಾಯ್ಲೆಂಡ್. 2018ರ ಕೊನೆಯಲ್ಲಿ ವೈದ್ಯಕೀಯ ಉಪಯೋಗಕ್ಕೆಂದು ಕಾಯದೆ ತಿದ್ದಿದ ಆ ದೇಶ, 2022ರಲ್ಲಿ ಗಿಡವನ್ನು ಮಾದಕಪಟ್ಟಿಯಿಂದಲೇ ತೆಗೆದುಹಾಕಿತು. ನಿಯಂತ್ರಣದ ಕಾಯದೆ ಸಿದ್ಧವಾಗುವ ಮೊದಲೇ ಸಾವಿರಾರು ಅಂಗಡಿಗಳು ಬೀದಿಬೀದಿಗಳಲ್ಲಿ ಎದ್ದವು. 2025ರಲ್ಲಿ ವೈದ್ಯರ ಚೀಟಿಯಿಲ್ಲದೆ ತೆನೆ ಮಾರಬಾರದೆಂದು ಹಿಂದಕ್ಕೆ ಹೆಜ್ಜೆಯಿಡಬೇಕಾಯಿತು. ಇದಕ್ಕೆ ಪ್ರತಿಯಾಗಿ ಅನುಮತಿವಾದಿಗಳು ಜರ್ಮನಿಯನ್ನು ತೋರಿಸಬಹುದು. ಅಲ್ಲಿ 2017ರಿಂದ ವೈದ್ಯರ ಚೀಟಿಗೆ ಔಷಧದಂಗಡಿಯಲ್ಲಿ ಗಾಂಜಾ ದೊರೆಯುತ್ತದೆ. ವಿಶ್ವಸಂಸ್ಥೆಯ ಮಾದಕದ್ರವ್ಯ ಆಯೋಗವೇ 2020ರ ಡಿಸೆಂಬರಿನಲ್ಲಿ 25 ಮತಗಳ ವಿರುದ್ಧ 27ರಿಂದ ಅದನ್ನು ನಾಲ್ಕನೆಯ ಪಟ್ಟಿಯಿಂದ ತೆಗೆಯಿತು. ತೆಗೆಯಬೇಕೆಂದವರಲ್ಲಿ ಭಾರತವೂ ಒಂದು. ಹೊರಗೆ ಹಾಗೆ ಮತವಿತ್ತ ದೇಶ ಒಳಗೆ ತನ್ನ ಕಾಯದೆಯ ಒಂದಕ್ಷರವನ್ನೂ ಅದಕ್ಕಾಗಿ ಬದಲಿಸಲಿಲ್ಲ.

ಬೆಳೆಯ ಲೆಕ್ಕ

ಕಡಿಮೆ ನೀರಿನಲ್ಲಿ ಬೆಳೆದು ಹೆಚ್ಚು ಬೆಲೆ ತರುವ ಬೆಳೆಯೆಂಬ ವಾದ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ತಲುಪದ ಕುಷ್ಟಗಿ, ಯಲಬುರ್ಗಾ ಸೀಮೆಯ ಒಣಬೇಸಾಯಗಾರರ ಕಿವಿಗೆ ಇಂಪಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಉತ್ತರಾಖಂಡ 2018ರಲ್ಲಿ ನಾರಿನ ಬೆಳೆಗೆ ಪರವಾನಗಿ ಕೊಟ್ಟಿತು. ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಸಮಿತಿಯೊಂದರ ವರದಿಯನ್ನು ಸ್ವೀಕರಿಸಿತು; ಮರುವರ್ಷ ಪಾಲಂಪುರ, ನೌಣಿಗಳ ವಿಶ್ವವಿದ್ಯಾಲಯಗಳಿಗೆ ಪ್ರಾಯೋಗಿಕ ಅಧ್ಯಯನ ವಹಿಸಲಾಯಿತು. ಆದರೆ ಅಲ್ಲಿ ಅನುಮತಿಯಿರುವ ನಾರಿನ ತಳಿಯಲ್ಲಿ ಟಿಎಚ್‌ಸಿ ಶೇಕಡ 0.3ನ್ನು ಮೀರಬಾರದು. ನಮ್ಮ ಬಿಸಿಲಿನಲ್ಲಿ ಅದೇ ತಳಿ ಆ ಮಿತಿಯನ್ನು ದಾಟಿತೆಂದರೆ ಬೆಳೆದವನು ರೈತನೋ ಅಪರಾಧಿಯೋ ಎಂಬುದು ಪ್ರಯೋಗಶಾಲೆಯ ಒಂದು ಚೀಟಿಯಿಂದ ನಿರ್ಧಾರವಾಗಬೇಕಾಗುತ್ತದೆ. ಔಷಧದ ಬೆಳೆಯಾದರೆ ಕಾವಲು, ಬೇಲಿ, ಗಾಜಿನ ಮನೆ, ತಪಾಸಣೆ ಇವುಗಳ ಖರ್ಚು ಹೊರುವವನು ಎಕರೆ ಎರಡೆಕರೆಯ ಒಡೆಯನಾಗಿರಲಾರ. ಸುಂಕದ ಆಸೆಯಿಂದ ರೈತೋದ್ಧಾರದ ಮಾತಾಡುವ ಸರಕಾರಗಳ ನಾಲಗೆಯ ಮೇಲೆ ಹಳೆಯ ಅಬಕಾರಿಯ ರುಚಿ ಇನ್ನೂ ಇದೆಯೆಂದು ನನಗನ್ನಿಸುತ್ತದೆ.

ಮಠದ ಚಿಲುಮಿ

ಮೇಲಿನ ಯಾವ ಪಕ್ಷದ ಲೆಕ್ಕಕ್ಕೂ ಸಿಗದ ಒಂದು ಜನವರ್ಗ ನಮ್ಮ ಕಲ್ಯಾಣ ಕರ್ನಾಟಕದಲ್ಲಿದೆ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಕೃಷ್ಣೆಯ ದಡದಲ್ಲಿರುವ ತಿಂಥಣಿಯ ಮೌನೇಶ್ವರನ ಸನ್ನಿಧಿಯಲ್ಲಿ, ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ಸೇರುವ ಆ ಜಾತ್ರೆಯಲ್ಲಿ, ಭಕ್ತರಿಗೆ ಗಾಂಜಾದ ಸಣ್ಣ ಪೊಟ್ಟಣ ಪ್ರಸಾದವಾಗಿ ದೊರೆಯುತ್ತದೆಂದು 2020ರಲ್ಲಿ ಪತ್ರಿಕೆಗಳು ವರದಿ ಮಾಡಿದವು; ಶರಣ, ಅವಧೂತ, ಶಪಥ, ಆರೂಢ ಪಂಥಗಳವರು ಅದನ್ನು ಧ್ಯಾನಕ್ಕೆ ಸಹಾಯಕವೆಂದು ಭಾವಿಸುತ್ತಾರೆಂದೂ, ರಾಯಚೂರು ಜಿಲ್ಲೆಯ ಕೆಲವು ಮಠಗಳಲ್ಲಿಯೂ ಇಂಥ ರೂಢಿಯಿದೆಯೆಂದೂ ಆ ವರದಿಗಳಲ್ಲಿತ್ತು. ಅದು ಬೆಂಗಳೂರಿನಲ್ಲಿ ಚಲನಚಿತ್ರರಂಗದ ಮಾದಕವಸ್ತು ಪ್ರಕರಣ ಕೋಲಾಹಲವೆಬ್ಬಿಸಿದ್ದ ತಿಂಗಳು. ಒಂದೇ ವಾರದ ಪತ್ರಿಕೆಯಲ್ಲಿ ಒಂದು ಪುಟದಲ್ಲಿ ಅದು ಪಾತಕವಾಗಿ, ಇನ್ನೊಂದು ಪುಟದಲ್ಲಿ ಪ್ರಸಾದವಾಗಿ ಅಚ್ಚಾಯಿತು.

ಈ ಭಕ್ತರು ರೋಗಿಗಳಲ್ಲ. ಚಟವೆಂದು ಒಪ್ಪುವವರೂ ಅಲ್ಲ. ವೈದ್ಯಕೀಯ ಅನುಮತಿಯ ಕಾಯದೆ ಬಂದರೆ ಅವರಿಗೆ ಏನೂ ದೊರೆಯುವುದಿಲ್ಲ. ಪ್ರತಿಯಾಗಿ, ಔಷಧದ ಸರಬರಾಜನ್ನು ಕಾಯುವ ನೆಪದಲ್ಲಿ ಅವರ ಮೇಲಿನ ಕಣ್ಣು ಇನ್ನಷ್ಟು ತೀಕ್ಷ್ಣವಾಗಬಹುದು. ಅವರ ರೂಢಿಯನ್ನು ನಾನು ಸಮರ್ಥಿಸುತ್ತಿಲ್ಲ. ಜಾತ್ರೆಗೆ ಬಂದ ಹದಿನಾರರ ಹುಡುಗನಿಗೆ ಚಿಲುಮಿ ಪ್ರಸಾದವೇ ಆದರೂ ಅವನ ಮೆದುಳಿಗೆ ಅದು ಟಿಎಚ್‌ಸಿಯೇ.

ಮಾರ್ಫಿನ್ನಿನ ವೃತ್ತಾಂತ

ಔಷಧವಾಗಿ ಅನುಮತಿಯಿದ್ದೂ ರೋಗಿಗೆ ತಲುಪದಿರುವುದೆಂದರೇನು ಎಂಬುದಕ್ಕೆ ಇದೇ ಕಾಯದೆಯ ಚರಿತ್ರೆಯಲ್ಲಿ ಒಂದು ಕಹಿ ನಿದರ್ಶನವಿದೆ. ಮಾರ್ಫಿನ್ ಕ್ಯಾನ್ಸರ್ ನೋವಿಗೆ ಔಷಧವೆಂಬುದನ್ನು ಯಾರೂ ಎಂದೂ ಅಲ್ಲಗಳೆದಿರಲಿಲ್ಲ. 1985ರ ಕಾಯದೆಯೂ ಅದನ್ನು ವೈದ್ಯಕೀಯವಾಗಿ ನಿಷೇಧಿಸಿರಲಿಲ್ಲ. ಆದರೂ, ಆ ವರ್ಷ ದೇಶದಲ್ಲಿ 500 ಕಿಲೋಗ್ರಾಂಗೂ ಮೀರಿದ್ದ ಅದರ ಬಳಕೆ 1997ರ ವೇಳೆಗೆ 18 ಕಿಲೋಗ್ರಾಂಗೆ ಕುಸಿಯಿತು. ಪ್ರತಿ ರಾಜ್ಯಕ್ಕೊಂದು ನಿಯಮ, ಪ್ರತಿ ಸಾಗಣೆಗೆ ಹಲವು ಇಲಾಖೆಗಳ ಹಲವು ಪರವಾನಗಿ, ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಬಾರದಿರುವುದು, ಲೆಕ್ಕ ತಪ್ಪಿದರೆ ಜೈಲೆಂಬ ಭಯ: ಇಷ್ಟಾದ ಮೇಲೆ ಆಸ್ಪತ್ರೆಗಳು ಅದನ್ನು ತರಿಸುವುದನ್ನೇ ಬಿಟ್ಟವು. ಬಾವಿ ತೋಡಿಸಿ, ಹಗ್ಗವನ್ನು ತಹಸೀಲಿಯಲ್ಲಿ ಬೀಗ ಹಾಕಿಟ್ಟಂತಾಯಿತು. ಕೇರಳದ ಉಪಶಾಮಕ ವೈದ್ಯರ ದೀರ್ಘ ಹೋರಾಟದ ಫಲವಾಗಿ 2014ರ ತಿದ್ದುಪಡಿ ಆವಶ್ಯಕ ಮಾದಕದ್ರವ್ಯಗಳೆಂಬ ಹೊಸ ವರ್ಗವನ್ನು ನಿರ್ಮಿಸಿ, ಮಾರ್ಫಿನ್ ಮೊದಲಾದ ಆರು ಔಷಧಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ ಎಂಬ ಕ್ರಮವನ್ನು ತಂದಿತು. ಗಾಂಜಾದ ಅಂಶಗಳು ಆ ಆರರಲ್ಲಿ ಇಲ್ಲ.

ಈ ಸಮೀಕ್ಷೆಯಲ್ಲಿ ನಾನು ಒಂದು ಪಕ್ಷವನ್ನು ಹಿಡಿಯಬೇಕೆಂದಾದರೆ ಅದು ಇದೇ. ನಮ್ಮಲ್ಲಿ ಕೊರತೆಯಿರುವುದು ಅನುಮತಿಯದಲ್ಲ, ಅನುಮತಿಗೂ ರೋಗಿಗೂ ನಡುವಿನ ವ್ಯವಸ್ಥೆಯದು. ಕೊಪ್ಪಳದಲ್ಲಿ ವೈದ್ಯಕೀಯ ಮಹಾವಿದ್ಯಾಲಯವಾಗಿ ದಶಕ ಕಳೆಯಿತು. ಆದರೂ ಇಲ್ಲಿನ ಕ್ಯಾನ್ಸರ್ ರೋಗಿ ಹುಬ್ಬಳ್ಳಿಗೋ ಬೆಂಗಳೂರಿನ ಕಿದ್ವಾಯಿಗೋ ಬಸ್ಸು ಹತ್ತುವುದು ತಪ್ಪಿಲ್ಲ. ಹತ್ತನೆಯ ಕಲಮಿನ ಅಧಿಕಾರವನ್ನು ಚಲಾಯಿಸುವ ಮುನ್ನ, ಮಾರ್ಫಿನ್ನಿಗೆ ತೆರೆದ ಒಂಟಿ ಕಿಂಡಿಯ ಮಾರ್ಗದಲ್ಲಿ ಶುದ್ಧೀಕರಿಸಿದ ಸಿಬಿಡಿ, ಟಿಎಚ್‌ಸಿಗಳನ್ನು ತರುವುದು, ತೆನೆಯ ವ್ಯಾಪಾರಕ್ಕಿಂತ ಕಡಿಮೆ ಆಕರ್ಷಕವಾದರೂ ಹೆಚ್ಚು ಪ್ರಯೋಜನಕಾರಿ.

ಇತ್ಯರ್ಥವಾಗದೆ ಉಳಿದವು

ನೋವಿನ ವಿಷಯದಲ್ಲಿ ಪ್ರಮಾಣದ ತೂಕ ಇನ್ನೂ ನಿಂತಿಲ್ಲ. ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಬಹುತೇಕ ಎಲ್ಲವೂ ಪಶ್ಚಿಮ ದೇಶಗಳ ರೋಗಿಗಳ ಮೇಲೆ ನಡೆದವು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆಯಲ್ಲಿ ಆರಂಭವಾಗಿರುವ ಸಂಶೋಧನೆ ಭಾರತೀಯ ತಳಿಗಳಿಂದ ಔಷಧದರ್ಜೆಯ ಅಂಶಗಳನ್ನು ಪಡೆದು, ಎಟುಕುವ ಬೆಲೆಗೆ ಕೊಡಬಲ್ಲುದೋ ಎಂಬುದು ಕಾದು ನೋಡಬೇಕಾದದ್ದು. ಗ್ರಂಥೋಕ್ತ ಯೋಗವೆಂಬ ಪರವಾನಗಿ ಸಾಂದ್ರತೈಲಕ್ಕೆ ಎಷ್ಟರಮಟ್ಟಿಗೆ ಸಲ್ಲುತ್ತದೆ, ಒಬ್ಬ ವೈದ್ಯ ಬರೆದ ಚೀಟಿಗೆ ಎಷ್ಟು ತಿಂಗಳ ಆಯುಷ್ಯ ಎಂಬುದು ಆಯುಷ್ ಇಲಾಖೆಯೂ ಔಷಧ ನಿಯಂತ್ರಕರೂ ಕೂಡಿ ನಿರ್ಣಯಿಸಬೇಕಾದ ಮಾತು.

ಕಾಯದೆಯ ಕಡೆಯಿಂದ, 2019ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಗ್ರೇಟ್ ಲೀಗಲೈಸೇಷನ್ ಮೂವ್‌ಮೆಂಟ್ ಇಂಡಿಯಾ ಟ್ರಸ್ಟ್ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎತ್ತಿದ ಪ್ರಶ್ನೆ ದೊಡ್ಡದು: ಈ ಗಿಡವನ್ನು ಇತರ ಮಾದಕಗಳೊಡನೆ ಒಂದೇ ಕಾಯದೆಯಡಿ ತಂದುದು ಸಂವಿಧಾನಕ್ಕೆ ಸಮ್ಮತವೆ? ಭಂಗಿಯ ಎಲೆಯ ಬಗೆಗೆ ಜಾಮೀನಿನ ಹಂತದಲ್ಲಿ ಹೇಳಿದ ಮಾತು ಪೂರ್ಣ ವಿಚಾರಣೆಯಲ್ಲಿ ನಿಲ್ಲುವುದೆ? ಸಂವಿಧಾನದ 25ನೆಯ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೀತಿ, ಆರೋಗ್ಯಗಳಿಗೆ ಒಳಪಡಿಸಿದೆ. ತಿಂಥಣಿಯ ಪೊಟ್ಟಣ ಆ ಮೂರರಲ್ಲಿ ಯಾವುದಕ್ಕೆ ಎಷ್ಟು ಬಾಧಕವೆಂದು ತೂಗಿ ಹೇಳಬೇಕಾದಾಗ, ಅವಶ್ಯಕ ಧಾರ್ಮಿಕ ಆಚರಣೆಯೆಂಬ ಒರೆಗಲ್ಲಿನ ಮೇಲೆ ಅವಧೂತರ ಸಾಕ್ಷ್ಯಕ್ಕೆ ಎಷ್ಟು ಬೆಲೆ ಬಂದೀತು? ಇನ್ನು ಬೆಳೆಯುವ ಅಧಿಕಾರ ರಾಜ್ಯದ್ದು, ಔಷಧದ ಗುಣಮಟ್ಟ ಕೇಂದ್ರದ್ದು, ಹೊಲದ ಕಾವಲು ಅಬಕಾರಿಯವರದೂ ಪೊಲೀಸರದೂ ಆಗಿರುವಲ್ಲಿ, ಇಷ್ಟೂ ಮಂದಿಯ ಒಪ್ಪಿಗೆಯನ್ನು ಒಂದೇ ಮೇಜಿನ ಮೇಲೆ ತರಬಲ್ಲ ಕಚೇರಿ ಯಾವುದಾಗಬೇಕೆಂಬುದನ್ನು ಈವರೆಗಿನ ಯಾವ ಪಕ್ಷವೂ ಬರೆದುಕೊಟ್ಟಿಲ್ಲ.